ಹುಡುಗಿಯ ನಡತೆ ಬಿಡಿ, ಊರಿನ ಲೆಕ್ಕ ಕೊಡಿ

ಮದುವೆಯಾಗದ ಹದಿನಾರರ ಹುಡುಗಿ ಬಸುರಿ ಅಂತ ಗೊತ್ತಾದರೆ ನಮ್ಮ ಉಡಿಗಾಲದಂಥ ಊರುಗಳಲ್ಲಿ ಮೊದಲು ಬರುವ ಮಾತು ‘ಅವಳ ನಡತೆನೇ ಸರಿಯಿಲ್ಲ ಕಣ’. ಎರಡನೆಯದು ‘ಮೊಬೈಲ್ ಕೊಟ್ಟು ಕೆಡಿಸಿದ್ರು’. ಗಂಡು ಯಾರು, ಅವನ ವಯಸ್ಸೆಷ್ಟು ಎಂದು ಕೇಳುವವರು ಕಡಿಮೆ.

ಅದೇ ವಯಸ್ಸಿನ ಹುಡುಗಿ ತಾಳಿ ಕಟ್ಟಿಸಿಕೊಂಡು ಬಸುರಿಯಾದರೆ ಬಳೆ ತೊಡಿಸಿ ಸೀಮಂತ ಮಾಡುತ್ತೇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ನೂರು ಹೆಣ್ಣುಮಕ್ಕಳಲ್ಲಿ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಅಂದರೆ ನಮಗೆ ಚಿಂತೆ ಇರುವುದು ಮಗುವಿನ ಮೈ ಬಗ್ಗೆ ಅಲ್ಲ, ಮಾನದ ಬಗ್ಗೆ.

ಕಾರಣ ಬೇಕಿದ್ದರೆ ಮನೆಗಳ ಒಳಗೆ ನೋಡಿ. ಮಳೆ ಕೈಕೊಟ್ಟ ವರ್ಷ ಅಪ್ಪ ಅವ್ವ ಕೇರಳದ ಶುಂಠಿ ಹೊಲಕ್ಕೋ ಕೊಡಗಿನ ಕಾಫಿ ತೋಟಕ್ಕೋ ಕೂಲಿಗೆ ಹೋಗುತ್ತಾರೆ. ಹುಡುಗಿ ಅಜ್ಜಿ ಜೊತೆ ಉಳಿಯುತ್ತಾಳೆ. ಶಕ್ತಿ ಯೋಜನೆಯಿಂದ 2023ರಿಂದ ಬಸ್ಸು ಉಚಿತ, ನಿಜ. ಕಾಲೇಜಿನ ಫೀಸು, ಪುಸ್ತಕ, ತಪ್ಪಿದ ಕೂಲಿ ಉಚಿತವಲ್ಲ. ಓದು ನಿಂತವಳಿಗೆ ರೀಚಾರ್ಜ್ ಮಾಡಿಸಿ, ಬೈಕಿನಲ್ಲಿ ಬಿಟ್ಟು, ‘ಮದುವೆ ಆಗ್ತೀನಿ’ ಅನ್ನುವ ದೊಡ್ಡ ಗಂಡಸು ಸುಲಭವಾಗಿ ಸಿಗುತ್ತಾನೆ. ಇಬ್ಬರೂ ಮಕ್ಕಳೇ ಆಗಿರುವುದೂ ಉಂಟು. ಬಸುರು ಹೇಗಾಗುತ್ತದೆ ಎಂದು ಅವರಿಗೆ ಮನೆಯಲ್ಲೂ ಹೇಳಿಲ್ಲ, ಶಾಲೆಯಲ್ಲೂ ಹೇಳಿಲ್ಲ. 2007ರಲ್ಲಿ ಲೈಂಗಿಕ ಶಿಕ್ಷಣ ಬೇಡವೆಂದ ರಾಜ್ಯಗಳಲ್ಲಿ ನಮ್ಮದೂ ಒಂದು.

2024ರ ಜನವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಹಾಸ್ಟೆಲಿನಲ್ಲಿದ್ದ 9ನೇ ತರಗತಿ ಹುಡುಗಿ ಮಗು ಹೆತ್ತಳು. ವಾರ್ಡನ್ ಸಸ್ಪೆಂಡ್ ಆದರು. ಅಷ್ಟು ತಿಂಗಳು ಆ ಮಗು ಯಾರಿಗೂ ಹೇಳಿಕೊಳ್ಳಲಾಗದ ಹಾಗೆ ಮಾಡಿದ್ದು ಯಾವುದು ಎಂಬ ಪ್ರಶ್ನೆಯನ್ನು ಸಸ್ಪೆನ್ಷನ್ ಆರ್ಡರ್ ಕೇಳುವುದಿಲ್ಲ.

ಹೇಳಿಕೊಳ್ಳದಿರಲು ಕಾರಣ ನಾವು. ಗೊತ್ತಾದ ತಕ್ಷಣ ಯಜಮಾನರು ಕೂತು ರಾಜಿ ಮಾಡಿಸುತ್ತಾರೆ, ಇಲ್ಲವೇ ಅವನಿಗೇ ಕಟ್ಟಿಬಿಡಿ ಅನ್ನುತ್ತಾರೆ. ಎರಡೂ ಕಾನೂನಿನ ಮುಂದೆ ನಿಲ್ಲುವುದಿಲ್ಲ. 2012ರ ಪೋಕ್ಸೊ ಕಾಯ್ದೆಯಲ್ಲಿ 18ರೊಳಗಿನವರ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಗೊತ್ತಿದ್ದೂ ದೂರು ಕೊಡದವರಿಗೂ ಶಿಕ್ಷೆ ಇದೆ. ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು ಅನ್ನುತ್ತದೆ ಕರ್ನಾಟಕದ 2016ರ ತಿದ್ದುಪಡಿ.

ಯಜಮಾನರು ಹೇಳದ ಇನ್ನೊಂದು ಮಾತಿದೆ. 2021ರ ತಿದ್ದುಪಡಿಯಂತೆ 18ರೊಳಗಿನ ಹುಡುಗಿಗೆ ಪೋಷಕರ ಲಿಖಿತ ಒಪ್ಪಿಗೆ ಮೇಲೆ, ವೈದ್ಯರ ತೀರ್ಮಾನದಂತೆ 24 ವಾರದವರೆಗೆ ಗರ್ಭಪಾತಕ್ಕೆ ಅವಕಾಶವಿದೆ. ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ವೈದ್ಯರು ಪೊಲೀಸರಿಗೆ ಅವಳ ಹೆಸರು, ಗುರುತು ತಿಳಿಸಬೇಕಿಲ್ಲ ಎಂದು 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಊರು ಮುಚ್ಚಿಟ್ಟು ಕಳೆಯುವ ಒಂದೊಂದು ವಾರವೂ ಈ ದಾರಿಯನ್ನು ಮುಚ್ಚುತ್ತದೆ. ಆಮೇಲೆ ಉಳಿಯುವುದು ಕಳ್ಳ ಮಾತ್ರೆ, ಇಲ್ಲವೇ ಬೆಳೆಯದ ಮೈಗೆ ಹೆರಿಗೆ.

ಮುಂದಿನ ಗ್ರಾಮಸಭೆಯಲ್ಲಿ ಇದನ್ನೇ ಕೇಳಿ: ಹತ್ತನೇ ತರಗತಿ ಆದಮೇಲೆ ಓದು ಬಿಟ್ಟ ಹೆಣ್ಣುಮಕ್ಕಳು ಎಷ್ಟು? ಅಪ್ಪ ಅವ್ವ ಗುಳೆ ಹೋದ ಮನೆಯ ಮಕ್ಕಳನ್ನು ನೋಡಿಕೊಳ್ಳುವವರು ಯಾರು? ನಮ್ಮ ಆರೋಗ್ಯ ಕೇಂದ್ರದಲ್ಲಿ ಹದಿಹರೆಯದವರ ಸ್ನೇಹ ಕ್ಲಿನಿಕ್ ನಡೆಯುತ್ತಿದೆಯೇ? ಮಕ್ಕಳ ಸಹಾಯವಾಣಿ 1098 ಎಂದು ಶಾಲೆ ಗೋಡೆ ಮೇಲೆ ಬರೆದಿದೆಯೇ?

ಮನೆಯಲ್ಲಿ ಮಗಳು ‘ಅವ್ವ, ತಿಂಗಳು ನಿಂತಿದೆ’ ಅಂದರೆ ಕೈ ಎತ್ತಬೇಡಿ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.