ಸಾರಾಂಶದಲ್ಲಿ ಜಾರಿಬಿದ್ದ ಮೆಕ್ಸಿಕೊ

ಪದವಿ ತರಗತಿಯ ಇಂಗ್ಲಿಷ್ ಮೇಷ್ಟ್ರುಗಳಿಗೆ ಅಚ್ಚುಮೆಚ್ಚಿನ ಅಸೈನ್‌ಮೆಂಟ್ ಒಂದಿದೆ. ಚಿಮಮಾಂಡಾ ಎನ್‌ಗೋಜಿ ಅಡೀಚಿಯ ಭಾಷಣ ಕೇಳಿ, 200 ಪದಗಳಲ್ಲಿ ಸಾರಾಂಶ ಬರೆದು ತನ್ನಿ. ನೈಜೀರಿಯಾದ ಈ ಕಾದಂಬರಿಗಾರ್ತಿ 2009ರ ಜುಲೈನಲ್ಲಿ ಆಕ್ಸ್‌ಫರ್ಡ್‌ನ ಟೆಡ್ ವೇದಿಕೆಯಲ್ಲಿ ‘ದಿ ಡೇಂಜರ್ ಆಫ್ ಎ ಸಿಂಗಲ್ ಸ್ಟೋರಿ’ ಎಂಬ ಹೆಸರಿನಲ್ಲಿ ಆಡಿದ ಮಾತು ಅದು. 18 ನಿಮಿಷಕ್ಕಿಂತ ತುಸು ಹೆಚ್ಚು. ಸ್ಟೀರಿಯೊಟೈಪ್ ಎಂದರೇನು ಎಂದು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಪಾಠ ಒಳ್ಳೆಯದು, ಬರುವ ಸಾರಾಂಶ ಮಾತ್ರ ಪೇಲವ. ‘ಯಾವುದೇ ಜನಾಂಗದ ಬಗ್ಗೆ ಪೂರ್ವಗ್ರಹ ಇರಬಾರದು, ಎಲ್ಲರನ್ನೂ ಸಮಾನವಾಗಿ ಕಾಣಬೇಕು ಎಂದು ಲೇಖಕಿ ಹೇಳುತ್ತಾರೆ.’ ಆಗಸ್ಟ್ 15ರಂದು ಧ್ವಜ ಹಾರಿಸಿದ ಮೇಲೆ ಯಾವ ಅತಿಥಿಯಾದರೂ ಆಡಬಹುದಾದ ಮಾತಿದು. ಇಷ್ಟನ್ನೇ ಹೇಳುವುದಕ್ಕೆ ಅಡೀಚಿ ಆಕ್ಸ್‌ಫರ್ಡಿನವರೆಗೆ ಹೋಗಬೇಕಾಗಿರಲಿಲ್ಲ.

ಅವರ ವಾದ ಬೇರೆಯೇ ಇದೆ. ಸ್ಟೀರಿಯೊಟೈಪ್ ಸುಳ್ಳಾಗಿರಲೇಬೇಕಿಲ್ಲ, ಅದರ ತೊಂದರೆ ಇರುವುದು ಅದರ ಅರೆಬರೆತನದಲ್ಲಿ. ಈ ವ್ಯತ್ಯಾಸ ಹಿಡಿಯದ ಸಾರಾಂಶ ಎಷ್ಟು ಅಚ್ಚುಕಟ್ಟಾಗಿದ್ದರೂ ಫೇಲು. ಅಡೀಚಿಯ ಮನೆಯಲ್ಲಿ ಕೆಲಸಕ್ಕಿದ್ದ ಫೀಡೆ ಎಂಬ ಹುಡುಗನನ್ನೇ ನೋಡಿ. ಅವನ ಮನೆಯವರು ಬಡವರು ಎಂದು ಅಡೀಚಿಯ ತಾಯಿ ಹೇಳುತ್ತಿದ್ದದ್ದು ನಿಜವೇ. ಅಕ್ಕಿ, ಗೆಣಸು, ಹಳೆಯ ಬಟ್ಟೆ ಅವರ ಮನೆಗೆ ಹೋಗುತ್ತಿದ್ದದ್ದೂ ನಿಜ. ಆದರೆ ಒಂದು ಶನಿವಾರ ಆ ಹಳ್ಳಿಗೆ ಹೋದಾಗ ಫೀಡೆಯ ಸಹೋದರ ಹೆಣೆದ, ಬಣ್ಣದ ನಾರಿನ ಚೆಂದದ ಬುಟ್ಟಿ ನೋಡಿ ಬಾಲಕಿ ಅಡೀಚಿ ದಂಗಾದಳು. ಆ ಮನೆಯಲ್ಲಿ ಯಾರಾದರೂ ಏನನ್ನಾದರೂ ಮಾಡಬಲ್ಲರು ಎಂಬುದೇ ಅವಳಿಗೆ ಹೊಳೆದಿರಲಿಲ್ಲ. ಬಡತನ ಸುಳ್ಳಲ್ಲ, ಬಡತನವೊಂದನ್ನೇ ಕೇಳಿದ್ದು ಎಡವಟ್ಟು. ಬುಟ್ಟಿಯನ್ನು ಬಿಟ್ಟು ಬಡತನವನ್ನಷ್ಟೇ ಬರೆದ ವಿದ್ಯಾರ್ಥಿ, ಅಡೀಚಿ ಎಚ್ಚರಿಸಿದ ಕೆಲಸವನ್ನೇ ಉತ್ತರಪತ್ರಿಕೆಯಲ್ಲಿ ಮಾಡಿರುತ್ತಾನೆ.

ಇನ್ನು ಕೆಲವರು ಕಥೆಗಳನ್ನೆಲ್ಲ ದಿನಸಿ ಚೀಟಿಯ ಹಾಗೆ ಪಟ್ಟಿ ಮಾಡಿಬಿಡುತ್ತಾರೆ. ಬಾಲ್ಯದಲ್ಲಿ ಓದಿದ ಬ್ರಿಟಿಷ್ ಪುಸ್ತಕ, ಆಮೇಲೆ ಫೀಡೆ, ಆಮೇಲೆ ‘ನಿನ್ನ ಬುಡಕಟ್ಟಿನ ಸಂಗೀತ ಕೇಳಿಸು’ ಎಂದು ಕೇಳಿ ಮರಾಯ ಕೇರಿಯ ಕ್ಯಾಸೆಟ್ ಕಂಡು ಪೆಚ್ಚಾದ ಅಮೆರಿಕದ ರೂಮ್‌ಮೇಟ್. ಆಮೇಲೆ, ಆಮೇಲೆ ಎನ್ನುವಷ್ಟರಲ್ಲಿ 200 ಪದ ಮುಗಿದಿರುತ್ತದೆ. 1561ರಲ್ಲಿ ಪಶ್ಚಿಮ ಆಫ್ರಿಕಾಕ್ಕೆ ಹಡಗೇರಿ, ಅಲ್ಲಿ ತಲೆಯಿಲ್ಲದ ಮನುಷ್ಯರಿದ್ದಾರೆ ಎಂದು ಬರೆದನೆಂದು ಅಡೀಚಿ ಹೇಳುವ ಲಂಡನ್ ವ್ಯಾಪಾರಿ ಜಾನ್ ಲಾಕ್ ಕೂಡ ಈ ಪಟ್ಟಿಗೆ ಬರುತ್ತಾನೆ. (ಅವನನ್ನು ತತ್ವಜ್ಞಾನಿ ಎಂದು ಬರೆದು ಅಂಕ ಕಳೆದುಕೊಳ್ಳಬೇಡಿ. ಆ ಲಾಕ್ ಹುಟ್ಟಿದ್ದು 1632ರಲ್ಲಿ.) ಕಥೆಗಳೆಲ್ಲ ಇವೆ, ಅವು ಯಾವ ಮಾತಿಗೆ ಸಾಕ್ಷಿ ಎಂಬುದೇ ಇಲ್ಲ. ಕಥೆಗಳನ್ನು ಯಾರು, ಹೇಗೆ, ಯಾವಾಗ, ಎಷ್ಟು ಹೇಳುತ್ತಾರೆ ಎಂಬುದನ್ನು ಅಧಿಕಾರ ತೀರ್ಮಾನಿಸುತ್ತದೆ ಎಂಬುದು ಭಾಷಣದ ನಡುಗಂಬ. ಅಮೆರಿಕದ ಸರಣಿ ಕೊಲೆಗಾರನ ಕಾದಂಬರಿ ಓದಿ, ಅಮೆರಿಕದ ಯುವಕರೆಲ್ಲ ಕೊಲೆಗಾರರು ಎಂದು ಯಾರೂ ಭಾವಿಸುವುದಿಲ್ಲ. ಆ ದೇಶದ ನೂರು ಕಥೆಗಳು ಲೋಕಕ್ಕೆ ಗೊತ್ತು. ಅಡೀಚಿಯ ಕಾದಂಬರಿಯ ಕ್ರೂರ ಅಪ್ಪನನ್ನು ಓದಿದ ವಿದ್ಯಾರ್ಥಿಗೆ ಮಾತ್ರ ನೈಜೀರಿಯಾದ ಗಂಡಸರೆಲ್ಲ ಹಾಗೆಯೇ ಕಂಡರು. ಸಭೆ ನಕ್ಕ ಈ ಪ್ರಸಂಗವನ್ನು ಬರಿಯ ಜೋಕೆಂದು ವಿದ್ಯಾರ್ಥಿಗಳು ಕೈಬಿಡುತ್ತಾರೆ. ವಾದ ಕುಳಿತಿರುವುದು ಆ ಜೋಕಿನ ಮೇಲೆಯೇ.

ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಜಾರಿಬೀಳುವುದು ಮೆಕ್ಸಿಕೊ. ಅಮೆರಿಕದಲ್ಲಿ ವಲಸೆಯ ಜಗಳ ಕಾವೇರಿದ್ದ ದಿನಗಳಲ್ಲಿ ಅಡೀಚಿ ಗ್ವಾದಲಹಾರ ನಗರಕ್ಕೆ ಹೋದರು. ಮೊದಲ ದಿನ ಬೀದಿಯಲ್ಲಿ ಜನ ಕೆಲಸಕ್ಕೆ ಹೋಗುವುದು, ರೊಟ್ಟಿ ಸುರುಳಿ ಸುತ್ತುವುದು, ಸಿಗರೇಟು ಸೇದುತ್ತ ನಗುವುದು ಕಂಡು ಅವರಿಗೆ ಅಚ್ಚರಿಯಾಯಿತು. ಅಚ್ಚರಿಯ ಹಿಂದೆಯೇ ನಾಚಿಕೆ. ಮೆಕ್ಸಿಕೊದವರೆಂದರೆ ಗಡಿ ನುಸುಳುವವರು ಎಂಬ ಅಮೆರಿಕದ ಮಾಧ್ಯಮಗಳ ಚಿತ್ರ ತಮ್ಮ ತಲೆಯಲ್ಲೂ ಕೂತಿತ್ತು ಎಂದು ವೇದಿಕೆಯ ಮೇಲೆಯೇ ಒಪ್ಪಿಕೊಂಡರು. ರೂಮ್‌ಮೇಟನ್ನು ಕಂಡು ನಗುತ್ತಿದ್ದ ಸಭೆ ಇಲ್ಲಿ ತನ್ನನ್ನೂ ನೋಡಿಕೊಳ್ಳಬೇಕಾಗುತ್ತದೆ. ಇದು ಬಿಟ್ಟುಹೋದರೆ ಉಳಿಯುವುದು, ಬಿಳಿಯರು ಕರಿಯರನ್ನು ತಪ್ಪು ತಿಳಿದುಕೊಂಡರು ಎಂಬ ಒಂದೇ ಕಥೆ.

ನಮಗೆ ಈ ಭಾಗ ಬಿಡುವುದು ಹಿತವಾಗಿಯೇ ಇದೆ. ಹಾವಾಡಿಗರ ದೇಶ ಎಂದು ಕರೆಸಿಕೊಂಡು ನೊಂದವರು ನಾವು, ಹಾಗಾಗಿ ನಮ್ಮದು ಅಡೀಚಿಯ ಪಕ್ಕದ ಕುರ್ಚಿ ಎಂದುಕೊಳ್ಳುತ್ತೇವೆ. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟದ ಬಳಿ ಸುಡಾನ್ ವಿದ್ಯಾರ್ಥಿಯೊಬ್ಬನ ಕಾರು ಡಿಕ್ಕಿ ಹೊಡೆದು ಸ್ಥಳೀಯ ಮಹಿಳೆಯೊಬ್ಬರು ತೀರಿಕೊಂಡರು. ಸ್ವಲ್ಪ ಹೊತ್ತಿನ ನಂತರ ಅದೇ ದಾರಿಯಲ್ಲಿ ಇನ್ನೊಂದು ಕಾರಿನಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಬಿತ್ತು; ಆಕೆಯ ಕಾರಿಗೆ ಬೆಂಕಿ ಬಿತ್ತು. ಅಪಘಾತಕ್ಕೂ ಆಕೆಗೂ ಸಂಬಂಧವೇ ಇರಲಿಲ್ಲ. ಆ ಗುಂಪಿಗೆ ಸುಡಾನೂ ತಾಂಜಾನಿಯಾವೂ ಒಂದೇ. ನಮ್ಮ ಕುರ್ಚಿ ಬಹಳ ಸಲ ರೂಮ್‌ಮೇಟ್ ಪಕ್ಕದಲ್ಲೇ ಇರುತ್ತದೆ.

ಹೆಸರಘಟ್ಟದ ಈ ಮಾತನ್ನು ವಿದ್ಯಾರ್ಥಿ ಸಾರಾಂಶದಲ್ಲಿ ತರುವಂತಿಲ್ಲ ಅನ್ನಿ. ಅಂಕಣಕಾರನಿಗಿರುವ ಸಲಿಗೆ ಸಾರಾಂಶಕಾರನಿಗಿಲ್ಲ. ‘ನನ್ನ ಪ್ರಕಾರ’, ‘ನಮ್ಮ ದೇಶದಲ್ಲೂ ಹೀಗೆಯೇ’ ಎಂದು ಶುರುವಾದರೆ ಅದು ವಿಮರ್ಶೆ. ಅದಕ್ಕೆ ಬೇರೆ ಅಸೈನ್‌ಮೆಂಟ್ ಇರುತ್ತದೆ. ಯಾರು, ಎಲ್ಲಿ, ಯಾವ ವರ್ಷ, ಯಾವ ವಾದ ಎಂಬುದು ಮೊದಲ ವಾಕ್ಯದಲ್ಲೇ ಮುಗಿಯಲಿ. ಆಮೇಲೆ ‘ಹೇಳುತ್ತಾರೆ’ಗೆ ಸ್ವಲ್ಪ ರಜೆ ಕೊಡಿ. ಅಧಿಕಾರದ ಬಗ್ಗೆ ಅಡೀಚಿ ವಾದಿಸುತ್ತಾರೆ, ಫೀಡೆಯನ್ನು ನೆನೆಯುತ್ತಾರೆ, ಲಾಕ್‌ನನ್ನು ಉದಾಹರಿಸುತ್ತಾರೆ, ಮೆಕ್ಸಿಕೊದ ವಿಷಯದಲ್ಲಿ ಒಪ್ಪಿಕೊಳ್ಳುತ್ತಾರೆ. ಕ್ರಿಯಾಪದ ಸರಿಯಾಗಿ ಬಿದ್ದರೆ ಭಾಷಣದ ತಿರುವುಗಳು ತಾವಾಗಿ ಕಾಣುತ್ತವೆ. ಮೆಕ್ಸಿಕೊಕ್ಕೆ ಒಂದು ವಾಕ್ಯ ಸಾಕು: ‘ಮೆಕ್ಸಿಕೊ ಪ್ರವಾಸದಲ್ಲಿ ತಾವೂ ಇದೇ ತಪ್ಪು ಮಾಡಿದ್ದನ್ನು ಒಪ್ಪಿಕೊಳ್ಳುವ ಅಡೀಚಿ, ಇದಕ್ಕೆ ಬಲಿಯಾದವರೂ ಇದರಿಂದ ಹೊರತಲ್ಲ ಎಂದು ತೋರಿಸುತ್ತಾರೆ.’

ಈಗ ಫೋನಿಗೆ ಹೇಳಿದರೂ ಸಾರಾಂಶ ಬರುತ್ತದೆ, ಕಾಗುಣಿತ ದೋಷವಿಲ್ಲದೆ. ಅದನ್ನು ತಡೆಯಲು ಹೊರಟ ಮೇಷ್ಟ್ರುಗಳು ಸುಸ್ತಾಗಿದ್ದಾರೆ. ಅವರಿಗೆ ನನ್ನದೊಂದು ವಿನಂತಿ: ಉತ್ತರಪತ್ರಿಕೆಯಲ್ಲಿ ಮೊದಲು ಬುಟ್ಟಿ ಹುಡುಕಿ, ಆಮೇಲೆ ಮೆಕ್ಸಿಕೊ ಹುಡುಕಿ. ಎರಡೂ ಇಲ್ಲದಿದ್ದರೆ ಬರೆದದ್ದು ಯಾರೇ ಆಗಿರಲಿ, ಅರ್ಧ ಅಂಕಕ್ಕೆ ನಿಲ್ಲಿಸಿ.