ಶಾರೀರವೂ ಶರೀರವೂ

ಕಳೆದ ತಿಂಗಳು ವೃದ್ಧರ ಊಟವನ್ನು ಕುರಿತು ಬರೆದುದನ್ನು ಓದಿದ ಸೋದರಿಯೊಬ್ಬರು, ತಮ್ಮ ಹನ್ನೆರಡು ವರ್ಷದ ಮಗಳು ಸಂಗೀತ ಕಲಿಯುತ್ತಿರುವಳೆಂದೂ, ಆಕೆಗೆ ಮೊಸರು ಬಡಿಸಬಹುದೆ ಕೂಡದೆ ಎಂಬ ವಿಷಯದಲ್ಲಿ ಮನೆಯೊಳಗೆ ಎರಡು ಪಕ್ಷಗಳಾಗಿವೆಯೆಂದೂ ಬರೆದಿದ್ದಾರೆ. ಬೇಡವೆನ್ನುವ ಪಕ್ಷಕ್ಕೆ ಅಜ್ಜಿಯವರೇ ನಾಯಕರಂತೆ. ಪ್ರಶ್ನೆ ಸಣ್ಣದಾಗಿ ಕಂಡರೂ ಬೆಳೆಯುವ ಮಗುವಿನ ಆರೋಗ್ಯವೇ ಅದರಲ್ಲಿ ಅಡಗಿರುವುದರಿಂದ ಈ ಸಲ ಅದನ್ನೇ ಎತ್ತಿಕೊಳ್ಳುತ್ತೇನೆ.

ನಮ್ಮ ಮನೆಗಳಲ್ಲಿ ಮಗುವಿಗೆ ಸರಳೆವರಸೆ ಮೊದಲಾದೊಡನೆ ಅಡುಗೆಮನೆಯಲ್ಲಿ ನಿಷೇಧಗಳೂ ಮೊದಲಾಗುತ್ತವೆ. ಮೊಸರು ಕಫ, ಬಾಳೆಯ ಹಣ್ಣು ಶೀತ, ಕಡಲೆಕಾಯಿ ಕೆಮ್ಮು. ನಿಂಬೆ, ಕಿತ್ತಳೆ, ಸೀಬೆಗಳಂತೂ ಸ್ವರಕ್ಕೆ ಹಗೆಗಳು. ಕೊನೆಗೆ ಎಲೆಯಲ್ಲಿ ಉಳಿಯುವುದು ಬಿಸಿಯನ್ನ, ತಿಳಿಸಾರು. ಗಂಟಲಿಗೆ ಹಿತವೆಂದು ಊಟದ ಬೆನ್ನಿಗೇ ಒಂದು ಲೋಟ ಕಾಫಿ. ಇಂತಹ ಪಥ್ಯದಲ್ಲಿ ಎರಡು ವರ್ಷ ಬೆಳೆದ ಹುಡುಗಿಯೊಬ್ಬಳನ್ನು ನಮ್ಮ ಬೀದಿಯಲ್ಲಿಯೇ ಕಂಡಿದ್ದೇನೆ. ಇಂಪಾದ ಕಂಠ, ಒಳ್ಳೆಯ ಶ್ರುತಿಜ್ಞಾನ. ಆದರೆ ಚರಣದ ನಡುವೆಯೇ ಉಸಿರು ಕಡಿದುಹೋಗುತ್ತಿತ್ತು. ಗುರುಗಳು ಸಾಧನೆ ಸಾಲದೆಂದು ಗದರಿಸಿದರು. ತಾಯಿಯವರು ಇನ್ನೂ ಒಂದೆರಡು ಪದಾರ್ಥಗಳನ್ನು ನಿಲ್ಲಿಸಿದರು. ಕಡೆಗೆ ವೈದ್ಯರು ರಕ್ತಪರೀಕ್ಷೆ ಮಾಡಿಸಲಾಗಿ ತಿಳಿದುಬಂದುದು ರಕ್ತಹೀನತೆ. ಕಬ್ಬಿಣದ ಅಂಶ ಕುಂದಿದ ರಕ್ತವು ಪ್ರಾಣವಾಯುವನ್ನು ಸಾಕಷ್ಟು ಹೊರಲಾರದು. ಮೆಟ್ಟಲು ಹತ್ತಿದರೆ ಏದುಸಿರು ಬಿಡುವ ಮಗು ದೀರ್ಘವಾದ ಸಂಗತಿಯನ್ನು ಹೇಗೆ ಹಾಡೀತು?

ಇದು ಒಬ್ಬಳ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ನಮ್ಮ ದೇಶದ 15ರಿಂದ 19 ವರ್ಷದ ಹುಡುಗಿಯರ ಪೈಕಿ ನೂರಕ್ಕೆ 59 ಮಂದಿ ರಕ್ತಹೀನರೆಂದು ಕಂಡುಬಂದಿತು. ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣವು ಮೈಗೆ ಹತ್ತಬೇಕಾದರೆ ನಿಂಬೆ, ಸೀಬೆ, ನೆಲ್ಲಿಗಳಲ್ಲಿರುವ ‘ಸಿ’ ಜೀವಸತ್ವವು ನೆರವಾಗುತ್ತದೆ. ಊಟದೊಡನೆ ಕುಡಿದ ಕಾಫಿ, ಟೀಗಳು ಅಡ್ಡಿಯಾಗುತ್ತವೆ. ನಿಂಬೆಯನ್ನು ಬಿಡಿಸಿ ಕಾಫಿಯನ್ನು ಹಿಡಿಸುವ ಪಥ್ಯಕ್ಕೆ ಏನೆಂದು ಹೆಸರಿಡೋಣ?

ಇಷ್ಟಕ್ಕೂ ನಾವು ನುಂಗಿದ್ದು ಸ್ವರದ ಸ್ಥಾನವನ್ನು ಮುಟ್ಟುವುದೇ ಇಲ್ಲ. ಧ್ವನಿತಂತುಗಳಿರುವುದು ಶ್ವಾಸನಾಳದ ಮೇಲ್ತುದಿಯಲ್ಲಿ. ಅನ್ನವು ಇಳಿಯುವುದು ಅದರ ಹಿಂದಿರುವ ಅನ್ನನಾಳದಲ್ಲಿ. ನುಂಗುವಾಗ ಶ್ವಾಸದ ಬಾಗಿಲು ತಾನಾಗಿ ಮುಚ್ಚಿಕೊಳ್ಳುವುದು. ತಪ್ಪಿ ಒಂದು ಹನಿ ಅತ್ತ ಹೋದರೂ ನೆತ್ತಿಗೆ ಹತ್ತಿ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬರುವುದನ್ನು ಎಲ್ಲರೂ ಬಲ್ಲರು. ಹಾಲು ಕಫವನ್ನು ಹುಟ್ಟಿಸುವುದೆಂಬ ಮಾತು ಪರೀಕ್ಷೆಗಳಲ್ಲಿ ಸಿದ್ಧವಾಗಲಿಲ್ಲ. ಅದು ಜೊಲ್ಲಿನೊಡನೆ ಬೆರೆತು ಬಾಯಲ್ಲಿ ಕೊಂಚ ಹೊತ್ತು ಅಂಟಂಟಾಗಿ ತೋರುವುದು ಮಾತ್ರ ನಿಜ. ಹಾಡುವುದಕ್ಕೆ ಸ್ವಲ್ಪ ಮುಂಚೆ ಹಾಲು ಮೊಸರುಗಳನ್ನು ಬಿಟ್ಟರೆ ಸಾಕು, ಜನ್ಮವೆಲ್ಲ ಬಿಡಬೇಕಾಗಿಲ್ಲ.

ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ, ಶರೀರದೊಡನೆಯೇ ಹುಟ್ಟಿಬರುವುದರಿಂದ ಅದಕ್ಕೆ ‘ಶಾರೀರ’ವೆಂಬ ಹೆಸರು ಬಂದಿತೆನ್ನುತ್ತಾನೆ. ವ್ಯಾಕರಣ ಕಲಿಸಿ ಮುದುಕನಾದವನಿಗೆ ಇಂತಹ ನಿರ್ವಚನಗಳಲ್ಲಿ ಪಕ್ಷಪಾತ ಇರತಕ್ಕದ್ದೇ. ಆದರೆ ಇಲ್ಲಿ ಆಹಾರಶಾಸ್ತ್ರವೂ ಅವನ ಕಡೆಗೇ ಇದೆ. ನೀರಿನ ವಿಷಯವನ್ನೇ ನೋಡಿರಿ. ಸ್ತ್ರೀಯರು ಸಾಮಾನ್ಯವಾಗಿ ಹಾಡುವ ಶ್ರುತಿಯಲ್ಲಿ ಆಧಾರಷಡ್ಜವನ್ನು ಹಿಡಿದರೆ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200 ಸಲ ಕೂಡಿ ಅಗಲುತ್ತವೆ. ತಾರಷಡ್ಜದಲ್ಲಿ ಅದಕ್ಕೆ ಇಮ್ಮಡಿ. ಅಷ್ಟು ಉಜ್ಜಾಟವನ್ನು ತಡೆಯಲು ಅವು ತೇವವಾಗಿರಬೇಕು. ಕುಡಿದ ನೀರು ಅಲ್ಲಿಗೆ ಸೇರುವುದಾದರೋ ರಕ್ತದ ಮೂಲಕವೇ, ನಿಧಾನವಾಗಿ. ವೇದಿಕೆಯ ಮೇಲೆ ಬೆಳ್ಳಿಯ ಲೋಟದಿಂದ ಗುಟುಕರಿಸುವುದು ಬಾಯಾರಿಕೆಗೆ. ಕಂಠಕ್ಕೆ ಬೇಕಾದ ನೀರನ್ನು ಬೆಳಗಿನಿಂದಲೇ ಕುಡಿದಿರಬೇಕು.

ಗಾಯಕರಿಗೆ ನಿಜವಾದ ಹಗೆಯೊಂದುಂಟು. ಅದು ಕಚೇರಿ ಮುಗಿದ ಮೇಲೆ ರಾತ್ರಿ ಹನ್ನೊಂದಕ್ಕೆ ಉಣ್ಣುವ ಭೂರಿಭೋಜನ. ಬೋಂಡ, ಪೂರಿಗಳನ್ನು ತುಂಬಿಕೊಂಡು ಒಡನೆಯೇ ಮಲಗಿದರೆ ಜಠರದ ಆಮ್ಲವು ಮೇಲಕ್ಕೇರಿ ಧ್ವನಿತಂತುಗಳನ್ನೂ ತಾಕಬಹುದು. ಬೆಳಗ್ಗೆ ಕಂಠವು ಒರಟಾಗಿ, ಪದೇ ಪದೇ ಗಂಟಲನ್ನು ಸರಿಮಾಡಿಕೊಳ್ಳುವಂತಾಗುವುದಕ್ಕೆ ಇದೂ ಒಂದು ಕಾರಣ. ಎಷ್ಟೋ ಮನೆಗಳಲ್ಲಿ ಆ ಅಪವಾದವನ್ನು ಪಾಪ, ಮಧ್ಯಾಹ್ನದ ಮೊಸರು ಹೊರುತ್ತದೆ! ಉಂಡ ಮೇಲೆ ಎರಡು ಮೂರು ಗಂಟೆ ಕಳೆಯದೆ ಮಲಗಕೂಡದು. ತಡವಾದ ದಿನ ಗಂಜಿಯೋ ಮೃದುವಾದ ಇಡ್ಲಿಯೋ ಸಾಕು. ಹಾಡುವ ಮುಂಚೆಯೂ ಹೊಟ್ಟೆ ಬಿರಿಯಬಾರದು. ತುಂಬಿದ ಜಠರವು ವಪೆಯನ್ನು ಕೆಳಗಿಳಿಯಗೊಡದು, ಉಸಿರು ಮೊಟಕಾಗುವುದು. ಜಠರದ ಒಂದು ಪಾಲು ಘನಕ್ಕೆ, ಒಂದು ದ್ರವಕ್ಕೆ, ಒಂದು ವಾತಾದಿಗಳ ಸಂಚಾರಕ್ಕೆಂದು ಚರಕನು ವಿಭಾಗಿಸಿರುವುದು ಗಾಯಕರಿಗೆಂದೇ ಬರೆದಂತಿದೆ. ಸಂಜೆ ಆರಕ್ಕೆ ಕಚೇರಿಯಾದರೆ ಮೂರರೊಳಗೆ ಅನ್ನ, ತೊವ್ವೆ, ಒಂದು ಪಲ್ಯ. ಐದಕ್ಕೆ ಹಸಿವೆಯಾದರೆ ಒಂದು ಬಾಳೆಯ ಹಣ್ಣು.

ಔಷಧಗಳ ಮಾತು ಬೇರೆ. ನಾರದೀಯ ಶಿಕ್ಷೆಯಲ್ಲಿ ಉಪ್ಪು ಬೆರಸಿದ ತ್ರಿಫಲೆಯೂ, ಚರಕನ ಕಂಠ್ಯದ್ರವ್ಯಗಳಲ್ಲಿ ದ್ರಾಕ್ಷಿ, ಹಿಪ್ಪಲಿ, ಜೇಷ್ಠಮಧುಗಳೂ ಬಂದಿವೆ. ಜೇಷ್ಠಮಧುವಿನ ಚೂರನ್ನು ಆಗೊಮ್ಮೆ ಈಗೊಮ್ಮೆ ಬಾಯಲ್ಲಿಟ್ಟುಕೊಂಡರೆ ಹಿತವೇ. ದಿನವೂ ಹೇರಳವಾಗಿ ತಿಂದರೆ ರಕ್ತದೊತ್ತಡ ಏರುವುದು.

ಇನ್ನು ಸೋದರಿಯವರಿಗೆ ಉತ್ತರ. ಮಗುವಿಗೆ ಮಧ್ಯಾಹ್ನ ಮೊಸರನ್ನು ಧಾರಾಳವಾಗಿ ಬಡಿಸಿರಿ. ರಾತ್ರಿ ಮೊಸರು ತಿನ್ನಬಾರದೆಂದು ಚರಕನೂ ಹೇಳಿರುವುದರಿಂದ ಆ ಹೊತ್ತಿಗೆ ತಿಳಿಮಜ್ಜಿಗೆ ಇರಲಿ. ಅಜ್ಜಿಯವರ ಮಾತೂ ಉಳಿಯುವುದು. ವಾರಕ್ಕೆ ನಾಲ್ಕು ದಿನವಾದರೂ ಸೊಪ್ಪಿನ ಹುಳಿ, ಮೊಳಕೆ ಕಾಳಿನ ಉಸಲಿಗೆ ನಿಂಬೆಯ ರಸ, ಬೆಳಗ್ಗೆ ರಾಗಿಯ ರೊಟ್ಟಿ ಅಥವಾ ಅಂಬಲಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮೀರಿ ಸುಣ್ಣದ ಅಂಶವಿದೆ. ಕಾಫಿಯನ್ನು ಆ ವಯಸ್ಸಿಗೆ ಬಿಡಿಸುವುದೇ ಮೇಲು. ಯಾವುದಾದರೂ ಒಂದು ಪದಾರ್ಥ ತಿಂದಾಗಲೆಲ್ಲ ಆಕೆಗೇ ತೊಂದರೆ ಕಂಡರೆ ಅದನ್ನೊಂದನ್ನು ಬಿಡಿಸಿರಿ, ಪಟ್ಟಿಯನ್ನಲ್ಲ. ಗಂಟಲು ಒಡೆದು ಮೂರು ವಾರವಾದರೂ ಸರಿಹೋಗದಿದ್ದರೆ ಕಷಾಯಗಳನ್ನು ನಂಬಿ ಕುಳಿತಿರದೆ, ಹಾಡುವುದನ್ನು ನಿಲ್ಲಿಸಿ, ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸತಕ್ಕದ್ದು.