ಕಟ್ಟಿಸಿದವರ ಶಾಸನ, ಕಟ್ಟಿದವರ ನೆನಪು

ಪ್ರಾಚೀನ ಗ್ರೀಕ್ ಮತ್ತು ರೋಮನ್ ವಾಸ್ತುಶಿಲ್ಪದ ಪರಿಚಯ ನಮ್ಮಲ್ಲಿ ಸಾಮಾನ್ಯವಾಗಿ ಡೋರಿಕ್, ಅಯೋನಿಕ್, ಕೊರಿಂಥಿಯನ್ ಎಂಬ ಕಂಬಗಳ ವರ್ಗೀಕರಣದಿಂದ ಆರಂಭವಾಗಿ ಕಮಾನು, ಗುಮ್ಮಟಗಳ ವರ್ಣನೆಯಲ್ಲಿ ಮುಗಿಯುತ್ತದೆ. ಕಟ್ಟಡವು ಯಾರ ದುಡಿಮೆಯಿಂದ, ಯಾರ ಹಣದಿಂದ ಎದ್ದಿತು, ಕೊನೆಗೆ ಅದರ ಮೇಲೆ ಯಾರ ಹೆಸರು ಉಳಿಯಿತು ಎಂಬ ಪ್ರಶ್ನೆಗಳು ಶೈಲಿಯ ಅಧ್ಯಯನದಲ್ಲಿ ಏಳುವುದಿಲ್ಲ. ಶಾಸನಗಳನ್ನು ಓದಬಲ್ಲ ಕನ್ನಡ ವಿಭಾಗಗಳು ಕೇಳಬೇಕಾದ ಪ್ರಶ್ನೆಗಳು ಇವೇ ಎಂಬುದು ನನ್ನ ನಿಲುವು.

ಅಥೆನ್ಸಿನ ಎರೆಕ್ಥಿಯಮ್ ದೇವಾಲಯದ ನಿರ್ಮಾಣದ ಲೆಕ್ಕವನ್ನು ಕ್ರಿ.ಪೂ. 5ನೆಯ ಶತಮಾನದ ಕೊನೆಯಲ್ಲಿ ಕಲ್ಲಿನ ಮೇಲೆ ಕೊರೆಯಲಾಯಿತು. ಅದರಲ್ಲಿ ಕೆಲಸಗಾರರ ಹೆಸರುಗಳೂ ಅವರಿಗೆ ಸಂದ ಕೂಲಿಯೂ ಇವೆ. ನಾಗರಿಕರು, ಹೊರಗಿನಿಂದ ಬಂದು ನೆಲೆಸಿದವರು, ಗುಲಾಮರು ಒಟ್ಟಿಗೆ ದುಡಿದುದನ್ನೂ ಕೂಲಿಯ ದರ ಸಮಾನವಾಗಿದ್ದುದನ್ನೂ ಅದು ತೋರಿಸುತ್ತದೆ. ಗುಲಾಮನ ಕೂಲಿ ಒಡೆಯನ ಕೈಸೇರುತ್ತಿದ್ದಿರಬಹುದು. ಆದರೂ ಅವನ ಹೆಸರು ಉಳಿಯಿತು. ರೋಮಿನ ರೀತಿ ಬೇರೆ. ಕ್ರಿ.ಶ. 52ರಲ್ಲಿ ಪೂರ್ಣಗೊಂಡ ಕ್ಲಾಡಿಯಾ ಕಾಲುವೆಯ ಕಮಾನಿನ ಶಾಸನವು, ಸಾಮ್ರಾಟ ಕ್ಲಾಡಿಯಸ್ ಸ್ವಂತ ವೆಚ್ಚದಲ್ಲಿ ನಗರಕ್ಕೆ ನೀರು ತಂದನೆಂದು ಸಾರುತ್ತದೆ. ಆ 'ಸ್ವಂತ'ದ ಹಿಂದಿದ್ದ ಅಸಂಖ್ಯ ಕೈಗಳ ಪ್ರಸ್ತಾಪ ಅಲ್ಲಿಲ್ಲ.

ಇವೆರಡರ ನಡುವೆ ನಮ್ಮ ಪಟ್ಟದಕಲ್ಲು ನಿಲ್ಲುತ್ತದೆ. ಎರಡನೆಯ ವಿಕ್ರಮಾದಿತ್ಯನ ಕಂಚಿಯ ವಿಜಯದ ನೆನಪಿಗಾಗಿ ರಾಣಿ ಲೋಕಮಹಾದೇವಿ 8ನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಶಾಸನಗಳು ಸೂತ್ರಧಾರಿ ಗುಂಡ ಅನಿವಾರಿತಾಚಾರಿಯನ್ನೂ ಅವನ 'ತ್ರಿಭುವನಾಚಾರಿ' ಎಂಬ ಬಿರುದನ್ನೂ ದಾಖಲಿಸಿವೆ. ತೆಂಕಣ ದಿಕ್ಕಿನ ಸೂತ್ರಧಾರಿ ಸರ್ವಸಿದ್ಧಿ ಆಚಾರಿಯ ಹೆಸರೂ ಅಲ್ಲಿದೆ. ಶಿಲ್ಪಾಚಾರ್ಯರಿಗೆ ಸಂದ ಈ ಮನ್ನಣೆ ಹೆಮ್ಮೆಯ ಸಂಗತಿಯೇ. ಆದರೆ ಕಲ್ಲು ಹೊತ್ತವರು ಯಾರು?

ಪಟ್ಟದಕಲ್ಲಿರುವ ಬಾಗಲಕೋಟೆ ಜಿಲ್ಲೆಯಲ್ಲಿಯೇ, ಜಮಖಂಡಿಗೆ ಸಮೀಪದ ಚಿಕ್ಕಪಡಸಲಗಿಯಲ್ಲಿ, ಈ ಪ್ರಶ್ನೆ ಇನ್ನೂ ಜೀವಂತವಾಗಿದೆ. ಅಲ್ಲಿ 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಕೂಡಿಸಿ, ಶ್ರಮದಾನ ಮಾಡಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. ಕ್ಲಾಡಿಯಸನ ಶಾಸನದ 'ಸ್ವಂತ ವೆಚ್ಚ' ಎಂಬ ಮಾತು ಅಕ್ಷರಶಃ ಒಪ್ಪುವುದು ಇವರಿಗೆ. ಈ ಜಲರಾಶಿಗೆ ಸಂದ ಹೆಸರು 'ಶ್ರಮಬಿಂದು ಸಾಗರ'. ರಾಜನ ಹೆಸರಾಗಲಿ ದೇವರ ಹೆಸರಾಗಲಿ ಅಲ್ಲ, ಬೆವರಿನ ಹೆಸರು. ಆದರೂ ಜನಪ್ರಿಯ ನೆನಪಿನಲ್ಲಿ ಅದು 2018ರಲ್ಲಿ ನಿಧನರಾದ 'ಬ್ಯಾರೇಜ್ ಸಿದ್ದು' ಅವರೊಬ್ಬರ ಕಥೆಯಾಗಿಯೇ ನಿಂತಿದೆ. ಮುಂದಾಳುವಿನ ಹಿರಿಮೆಯನ್ನು ಒಪ್ಪುತ್ತಲೇ, ಒಂದು ಹೆಸರು ಹಲವು ಹೆಸರುಗಳನ್ನು ನುಂಗುವ ಹಳೆಯ ಕ್ರಮ ಇಲ್ಲಿಯೂ ಮರುಕಳಿಸುತ್ತಿರುವುದನ್ನು ಗಮನಿಸಬೇಕು.

ಮೌಖಿಕ ನೆನಪು ಶಾಸನದಷ್ಟು ವಿಶ್ವಸನೀಯವಲ್ಲ ಎಂಬ ಆಕ್ಷೇಪ ಬರಬಹುದು. ಆದರೆ ಶಾಸನವೂ ಕೆತ್ತಿಸಿದವರ ಹೇಳಿಕೆಯೇ ಅಲ್ಲವೆ? ಎರಡನ್ನೂ ಒರೆಗೆ ಹಚ್ಚಿಯೇ ಸ್ವೀಕರಿಸಬೇಕು. ಅಂದು ನದಿಯ ಪಾತ್ರಕ್ಕಿಳಿದು ದುಡಿದ ತರುಣರು ಇಂದು ಮುಪ್ಪಿನತ್ತ ಸಾಗಿದ್ದಾರೆ. ಯಾರು ಎಷ್ಟು ಹಣ ಕೊಟ್ಟರು, ಯಾವ ಊರಿನವರು ಯಾವ ಕೆಲಸಕ್ಕೆ ನಿಂತರು, ಹೆಂಗಸರ ಪಾಲೇನು, ಭೂಮಿಯಿಲ್ಲದವರ ಪಾಲೇನು, ಕೆಲಸದ ನುಡಿಗಟ್ಟುಗಳು ಯಾವುವು ಎಂಬುದನ್ನು ಅವರಿಂದಲೇ ಕೇಳಿ ದಾಖಲಿಸಬೇಕಾಗಿದೆ. ಎರೆಕ್ಥಿಯಮ್‌ನ ಲೆಕ್ಕವನ್ನು ಬರೆದವರು ಆ ಕಾಲದವರೇ. ಚಿಕ್ಕಪಡಸಲಗಿಯ ಲೆಕ್ಕವನ್ನು ಬರೆಯಬೇಕಾದವರು ನಾವು.